ಕೋಪ ಇಬ್ಬರಿಗೂ ಬಂತು, ಬಿಪಿ ನನಗೊಬ್ಬನಿಗೇ ಯಾಕೆ ಏರ್ತು? ಓದುಗರ ಪ್ರಶ್ನೆ, ಡಾಕ್ಟರ್ ಉತ್ತರ

ಬಿಪಿ ಮತ್ತೆ ಟೆನ್ಶನ್ ಬಗ್ಗೆ ಬಂದಿರೋ ಪ್ರಶ್ನೆಗಳನ್ನ ಈ ಸಲ ಒಟ್ಟಿಗೆ ಹಾಕಿದೀವಿ. ಒಂದರ ಉತ್ತರ ಇನ್ನೊಂದಕ್ಕೂ ಬೇಕಾಗತ್ತೆ, ಹಾಗಾಗಿ ಸಾಧ್ಯ ಆದ್ರೆ ಮೇಲಿಂದನೇ ಓದ್ಕೊಂಡು ಬನ್ನಿ. ಮೊದಲನೇ ಉತ್ತರ ಉದ್ದ ಆಗಿದೆ, ಏನು ಮಾಡೋದು, ಅದನ್ನ ಚಿಕ್ಕದು ಮಾಡಿದ್ರೆ ಉಳಿದಿದ್ದೆಲ್ಲ ಅರ್ಧಂಬರ್ಧ ಅರ್ಥ ಆಗತ್ತೆ.

ಪ್ರಶ್ನೆ: ನನಗೆ 46 ವರ್ಷ, ಕೆಲವು ವರ್ಷದಿಂದ ಬಿಪಿ ಇದೆ, ಮಾತ್ರೆ ತಗೋತೀನಿ. ಮೊನ್ನೆ ತಮ್ಮನ ಜೊತೆ ದುಡ್ಡಿನ ವಿಷಯಕ್ಕೆ ಜೋರು ಮಾತಾಯ್ತು. ಆಮೇಲೆ ಮನೇಲಿರೋ ಮಷೀನಲ್ಲಿ ಇಬ್ರೂ ನೋಡ್ಕೊಂಡ್ವಿ, ನಂದು ಮೇಲಿನ ನಂಬರ್ 178, ಅವನದು 132. ಕೂಗಾಡಿದ್ದು ಅವನೇ ಜಾಸ್ತಿ ಸಾರ್! ನನ್ನ ಮೈಯಲ್ಲಿ ಅಡ್ರಿನಾಲಿನ್ ಜಾಸ್ತಿ ಬರತ್ತಾ?

ಉತ್ತರ: ಬರಬಹುದು, ಆದ್ರೆ ಬರಲೇಬೇಕು ಅಂತೇನಿಲ್ಲ. ನಿಮ್ಮಿಬ್ರಿಗೂ ಒಂದೇ ಅಳತೆ ಹಾರ್ಮೋನ್ ಬಂದಿದ್ರೂ ನಿಮ್ಮ ನಂಬರ್ ಜಾಸ್ತಿ ಏರಿರೋದು ಸಾಧ್ಯ. ಯಾಕಂದ್ರೆ ಹಾರ್ಮೋನ್ ಬರೀ ಆರ್ಡರ್ ಕೊಡತ್ತೆ, ಆ ಆರ್ಡರ್ ಸಿಕ್ಕಾಗ ಎಷ್ಟು ಬಿಗಿಯಾಗಬೇಕು ಅನ್ನೋದನ್ನ ರಕ್ತನಾಳದ ಗೋಡೆ ತೀರ್ಮಾನ ಮಾಡತ್ತೆ, ಮತ್ತೆ ಬಿಪಿ ಇರೋರಲ್ಲಿ ಬದಲಾಗಿರೋದು ಮುಖ್ಯವಾಗಿ ಆ ಗೋಡೆನೇ.

ಮೊದಲು ಆರ್ಡರ್ ಬರೋ ದಾರಿ ನೋಡೋಣ. ಕೋಪ ಬಂತು, ಗಾಬರಿ ಆಯ್ತು, ತಣ್ಣೀರು ಮೈಮೇಲೆ ಬಿತ್ತು, ಏನೇ ಇರ್ಲಿ, ಮೆದುಳು ಎರಡು ಕೆಲಸ ಒಟ್ಟಿಗೆ ಮಾಡಿಸತ್ತೆ. ಕಿಡ್ನಿ ಮೇಲೆ ಕೂತಿರೋ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಾಲಿನ್ ರಕ್ತಕ್ಕೆ ಬೀಳತ್ತೆ. ಅದೇ ಹೊತ್ತಿಗೆ ರಕ್ತನಾಳದ ಗೋಡೆವರೆಗೂ ಹರಡಿರೋ ಸಿಂಪಥೆಟಿಕ್ ನರದ (ಗಾಬರಿ, ಕೋಪದ ಹೊತ್ತಲ್ಲಿ ತಾನಾಗೇ ಚುರುಕಾಗೋ ನರ) ತುದಿಗಳಿಂದ ನಾರ್‌ಅಡ್ರಿನಾಲಿನ್ ಅಲ್ಲಲ್ಲೇ ಸುರಿಯತ್ತೆ. ಇವೆರಡೂ ಹೋಗಿ ಕೂತ್ಕೊಳ್ಳೋ ಕೋಶದ ಮೇಲಿನ ಜಾಗಗಳು, ಅಂದ್ರೆ ರಿಸೆಪ್ಟರ್‌ಗಳು, ಒಂದೇ ಥರ ಅಲ್ಲ ಅಂತ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ 1948ರಲ್ಲಿ ಹೇಳಿದ್ರು, ಆಲ್ಫಾ ಮತ್ತೆ ಬೀಟಾ ಅಂತ. ಆಲ್ಫಾ ಒತ್ತಿದ್ರೆ ನಾಳದ ಸ್ನಾಯುಕೋಶದೊಳಗೆ ಕ್ಯಾಲ್ಸಿಯಂ ಏರಿ ನಾಳ ಬಿಗಿಯಾಗತ್ತೆ, ಬೀಟಾದಲ್ಲೇ ಒಂದು ಬಗೆಯಾದ ಬೀಟಾ-2 ಒತ್ತಿದ್ರೆ ಸಡಿಲ ಆಗತ್ತೆ. ಒಂದೇ ಹಾರ್ಮೋನ್ ಎರಡೂ ಕೆಲಸ ಮಾಡಿಸಬಲ್ಲದು ಅನ್ನೋದು ತುಂಬಾ ಜನರಿಗೆ ಗೊತ್ತಿಲ್ಲ, ಅಡ್ರಿನಾಲಿನ್ ಅಂದ್ರೆ ಬರೀ ಬಿಪಿ ಏರ್ಸೋ ವಿಷ ಅನ್ಕೊಂಡಿರ್ತಾರೆ. ಆರೋಗ್ಯವಂತರಿಗೆ ಅಡ್ರಿನಾಲಿನ್ ಸ್ವಲ್ಪ ಸ್ವಲ್ಪವಾಗಿ ಕೊಟ್ರೆ ಮೇಲಿನ ನಂಬರ್ ಏರತ್ತೆ, ಕೆಳಗಿನ ನಂಬರ್ ಇಳಿಯತ್ತೆ, ಯಾಕಂದ್ರೆ ಕೈಕಾಲು ಮಾಂಸಖಂಡದ ನಾಳಗಳು ಅರಳ್ತವೆ.

ಈಗ ಗೋಡೆ. ಬಿಪಿ ನಿರ್ಧಾರ ಆಗೋದು ದೊಡ್ಡ ನಾಳಗಳಲ್ಲಲ್ಲ, ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತ ಸಣ್ಣ ಇರೋ ನಾಳಗಳಲ್ಲಿ. ಒಳಗಿನ ದಾರಿ ಸ್ವಲ್ಪ ಕಿರಿದಾದ್ರೂ ರಕ್ತದ ಹರಿವಿಗೆ ತಡೆ ವಿಪರೀತ ಏರತ್ತೆ, ತ್ರಿಜ್ಯದ ನಾಲ್ಕನೇ ಘಾತದ ಲೆಕ್ಕ ಅದು, ತ್ರಿಜ್ಯ 10 ಪರ್ಸೆಂಟ್ ಕಡಿಮೆ ಆದ್ರೆ ತಡೆ ಸುಮಾರು 50 ಪರ್ಸೆಂಟ್ ಜಾಸ್ತಿ. ವರ್ಷಗಟ್ಟಲೆ ಒತ್ತಡ ತಡ್ಕೊಂಡ ಸಣ್ಣ ನಾಳಗಳು ತಮ್ಮನ್ನ ತಾವೇ ಬದಲಾಯಿಸ್ಕೋತವೆ, ಗೋಡೆ ದಪ್ಪ, ಒಳದಾರಿ ಕಿರಿದು. ತಮಾಷೆ ಅಂದ್ರೆ ಸಾಮಾನ್ಯ ಬಿಪಿ ಕಾಯಿಲೆಯಲ್ಲಿ ಹೊಸ ಮಾಂಸ ಅಷ್ಟೇನೂ ಬೆಳೆಯಲ್ಲ, ಇದ್ದ ಸಾಮಾನನ್ನೇ ಒಳಮುಖವಾಗಿ ಒತ್ತೊತ್ತಾಗಿ ಜೋಡಿಸ್ಕೊಂಡು ಬಿಡತ್ತೆ.

ಇದ್ರಿಂದ ಏನಾಗತ್ತೆ ಅಂದ್ರೆ, ಸ್ವೀಡನ್ನಿನ ಬ್ಯೋರ್ನ್ ಫೋಲ್ಕೋವ್ ಅನ್ನೋ ಶರೀರಶಾಸ್ತ್ರಜ್ಞರು 1950ರ ದಶಕದಿಂದನೇ ಹೇಳ್ತಾ ಬಂದಿದ್ದು, ಸ್ನಾಯು ಮೊದಲಿನಷ್ಟೇ ಬಿಗಿಯಾದ್ರೂ ಒಳದಾರಿ ಮೊದಲಿಗಿಂತ ಜಾಸ್ತಿ ಮುಚ್ಚತ್ತೆ. ತೆಳು ಅಂಗಿ ತೋಳನ್ನ ಹೊರಗಿನಿಂದ ಹಿಡಿದು ಅಮುಕಿ, ಆಮೇಲೆ ದಪ್ಪ ಉಣ್ಣೆ ಸ್ವೆಟರ್ ತೋಳನ್ನ ಅಷ್ಟೇ ಅಮುಕಿ, ಸ್ವೆಟರಲ್ಲಿ ಒಳಗಿನ ಜಾಗ ಬೇಗ ತುಂಬ್ಕೊಳತ್ತೆ. ಲೆಕ್ಕ ಬೇಕು ಅನ್ನೋರಿಗೆ ಒಂದು ಉದಾಹರಣೆ, ನಂಬರ್ ನಾನೇ ಇಟ್ಕೊಂಡಿದ್ದು, ಯಾರ ಮೈಯಿಂದಲೂ ಅಳೆದಿದ್ದಲ್ಲ. ಎರಡು ನಾಳ, ಎರಡರದ್ದೂ ಹೊರಗಿನ ತ್ರಿಜ್ಯ 10, ಒಂದರ ಒಳದಾರಿ 9, ಇನ್ನೊಂದರದು ದಪ್ಪ ಗೋಡೆ, ಒಳದಾರಿ 8. ಎರಡೂ ಹೊರಗಿನಿಂದ 9ಕ್ಕೆ ಕುಗ್ಗಿದ್ವು ಅನ್ಕೊಳ್ಳಿ. ಗೋಡೆಯ ಸಾಮಾನು ಎಲ್ಲೂ ಹೋಗಲ್ಲ, ಒಳಗೇ ತಳ್ಳಲ್ಪಡತ್ತೆ, ಹಾಗಾಗಿ ಮೊದಲನೇದರ ಒಳದಾರಿ 7.9ರ ಹತ್ರ ಬರತ್ತೆ, ಎರಡನೇದರದು 6.7ಕ್ಕೆ ಇಳಿಯತ್ತೆ. ತಡೆ ಲೆಕ್ಕ ಹಾಕಿದ್ರೆ ತೆಳು ನಾಳದಲ್ಲಿ 1 ಇದ್ದಿದ್ದು 1.7 ಆಯ್ತು, ದಪ್ಪ ನಾಳದಲ್ಲಿ ಆರಾಮಾಗಿದ್ದಾಗಲೇ 1.6 ಇತ್ತು, ಈಗ 3.2. ಹಾರ್ಮೋನ್ ಒಂದು ತೊಟ್ಟೂ ಜಾಸ್ತಿ ಬಂದಿಲ್ಲ ನೋಡಿ.

ಇದರ ಮೇಲೆ ಇನ್ನೂ ಎರಡು ವಿಷಯ ಸೇರ್ಕೊಳತ್ತೆ. ಬಿಪಿ ಇರೋರ ಸ್ನಾಯುಕೋಶ ಅದೇ ಕ್ಯಾಲ್ಸಿಯಂಗೆ ಜಾಸ್ತಿ ಬಿಗಿಯಾಗೋ ಥರ ತಿರುಗಿರತ್ತೆ, ರೋ ಕೈನೇಸ್ ಅನ್ನೋ ಎಂಜೈಮ್ ಅದರ ಹಿಂದೆ ಇರೋದು. ಮತ್ತೆ ಆಂಜಿಯೊಟೆನ್ಸಿನ್ ಅನ್ನೋ ಇನ್ನೊಂದು ಹಾರ್ಮೋನ್ ನರದ ತುದಿಗೆ ಹೋಗಿ ನಾರ್‌ಅಡ್ರಿನಾಲಿನ್ ಇನ್ನೂ ಸ್ವಲ್ಪ ಬಿಡು ಅಂತ ತಳ್ಳತ್ತೆ. ಅಂದ್ರೆ ಒಬ್ಬರ ಮೈಯಲ್ಲಿ ಆರ್ಡರ್ ಕೂಡ ಜೋರಾಗಿರಬಹುದು, ಗೋಡೆನೂ ಅತಿಯಾಗಿ ಆಡ್ತಿರಬಹುದು, ಎರಡೂ ಒಟ್ಟಿಗೆ.

ಒಂದು ಮಾತು ಮಾತ್ರ ಹೇಳಲೇಬೇಕು, ನಿಮ್ಮ 178 ಪೂರ್ತಿ ಗೋಡೆಯದೇ ಕೆಲಸ ಅಂತ ನಾನು ಹೇಳ್ತಿಲ್ಲ. ನೀವು ಶುರು ಮಾಡಿದ್ದೇ ಎತ್ತರದಿಂದ, ಹೃದಯ ಜೋರಾಗಿ ಬಡ್ಕೊಂಡಿದ್ದೂ ಇದೆ, ಕೂಗಾಡಿದ ತಕ್ಷಣ ಅಳೆದಿದ್ದೂ ಇದೆ. ತಮ್ಮನಿಗೆ ಬಿಪಿ ಇಲ್ಲ ಅಂತಲೂ ಇಷ್ಟರಿಂದಲೇ ಹೇಳಕ್ಕಾಗಲ್ಲ, ಒಡಹುಟ್ಟಿದೋರಿಗೆ ಇದ್ರೆ ತಮಗೂ ಬರೋ ಚಾನ್ಸ್ ಜಾಸ್ತಿ, ಅವರೂ ಒಂದ್ಸಲ ಆರಾಮಾಗಿ ಕೂತು ಸರಿಯಾಗಿ ನೋಡ್ಸಿಕೊಳ್ಳಲಿ.

ಪ್ರಶ್ನೆ: ಹಾಗಾದ್ರೆ ರಕ್ತದಲ್ಲಿ ಅಡ್ರಿನಾಲಿನ್ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿದ್ರೆ ಗೊತ್ತಾಗತ್ತಲ್ವಾ? ಲ್ಯಾಬಲ್ಲಿ ಮಾಡ್ತಾರಂತೆ.

ಉತ್ತರ: ಮಾಡ್ತಾರೆ, ಆದ್ರೆ ನಿಮಗೆ ಅದ್ರಿಂದ ಏನೂ ಸಿಗಲ್ಲ. ಅಡ್ರಿನಾಲಿನ್ ರಕ್ತದಲ್ಲಿ ಉಳಿಯೋದೇ ಕೆಲವೇ ನಿಮಿಷ, ಸೂಜಿ ಚುಚ್ಚೋ ಭಯಕ್ಕೇ ಅದು ಏರತ್ತೆ, ಇನ್ನೇನು ಅಳೀತೀರಿ. ನರದ ಚಟುವಟಿಕೆಯನ್ನ ನೇರವಾಗಿ ಅಳೆಯೋ ವಿಧಾನ ಇದೆ, ಕಾಲಿನ ನರಕ್ಕೆ ಕೂದಲಿನಷ್ಟು ಸಣ್ಣ ಎಲೆಕ್ಟ್ರೋಡ್ ಇಟ್ಟು ಕೇಳೋದು, 1960ರ ದಶಕದಲ್ಲಿ ಸ್ವೀಡನ್ನಿನ ಉಪ್ಸಾಲಾದಲ್ಲಿ ಶುರು ಆಗಿದ್ದು, ಅದರಲ್ಲಿ ಬಿಪಿ ಇರೋರ ಗುಂಪಿನಲ್ಲಿ ಸಿಂಪಥೆಟಿಕ್ ನರ ಜಾಸ್ತಿ ಚುರುಕಾಗಿರೋದು ಕಂಡಿದೆ, ಅದರಲ್ಲೂ ಚಿಕ್ಕ ವಯಸ್ಸಿಗೇ ಬಂದೋರಲ್ಲಿ. ಅದು ರಿಸರ್ಚ್‌ಗೆ, ಕ್ಲಿನಿಕ್‌ಗಲ್ಲ.

ಟೆಸ್ಟ್ ನಿಜವಾಗ್ಲೂ ಬೇಕಾಗೋದು ಒಂದು ಕಡೆ. ಇದ್ದಕ್ಕಿದ್ದ ಹಾಗೆ ತಲೆ ಸಿಡಿಯೋ ಹಾಗೆ ನೋವು, ಮೈಯೆಲ್ಲ ಬೆವರು, ಎದೆ ಡವಡವ, ಮುಖ ಬಿಳಿಚಿಕೊಳ್ಳೋದು, ಬಿಪಿ ಆಕಾಶಕ್ಕೆ, ಸ್ವಲ್ಪ ಹೊತ್ತಿಗೆ ಎಲ್ಲ ಮಾಯ, ಮತ್ತೆ ಇನ್ನೊಂದು ದಿನ ಅದೇ ಕಥೆ, ಯಾವ ಜಗಳನೂ ಇಲ್ಲದೇ. ಇದು ಅಡ್ರಿನಲ್ ಗ್ರಂಥಿಯ ಫಿಯೋಕ್ರೋಮೊಸೈಟೋಮ ಅನ್ನೋ ಗೆಡ್ಡೆ ಇರಬಹುದು. ಅಪರೂಪ, ಆದ್ರೆ ಹಿಡಿದ್ರೆ ಆಪರೇಷನ್ ಮಾಡಿ ಸರಿ ಮಾಡಬಹುದಾದ ಬಿಪಿ. ಅದಕ್ಕೂ ಅಡ್ರಿನಾಲಿನ್ ಅಲ್ಲ ಅಳೆಯೋದು, ಅದು ಒಡೆದು ಆಗೋ ಮೆಟಾನೆಫ್ರಿನ್‌ಗಳನ್ನ, ಅವು ರಕ್ತದಲ್ಲೂ ಮೂತ್ರದಲ್ಲೂ ಸ್ಥಿರವಾಗಿ ಸಿಗತ್ವೆ. ಇಂಥವರಿಗೆ ಎದೆ ಬಡಿತ ಕಡಿಮೆ ಮಾಡೋಕೆ ಅಂತ ಮೊದಲೇ ಬರೀ ಬೀಟಾ ಬ್ಲಾಕರ್ (ಬೀಟಾ ರಿಸೆಪ್ಟರ್ ಮುಚ್ಚೋ ಮಾತ್ರೆ) ಕೊಟ್ಟುಬಿಟ್ರೆ ಅಪಾಯ, ಸಡಿಲ ಮಾಡೋ ಬಾಗಿಲು ಮುಚ್ಚಿ ಬಿಗಿ ಮಾಡೋ ಬಾಗಿಲು ತೆರೆದೇ ಬಿಟ್ಟ ಹಾಗಾಗತ್ತೆ, ಬಿಪಿ ಇನ್ನೂ ಏರತ್ತೆ. ಮೊದಲು ಆಲ್ಫಾ ತಡೆದು ಆಮೇಲೆ ಬೀಟಾ.

ಪ್ರಶ್ನೆ: ನಾಳ ಬಿಗಿಯಾಗೋದು ಸರಿ, ಆದ್ರೆ ಸಡಿಲ ಆಗೋ ವ್ಯವಸ್ಥೆನೂ ಇದೆ ಅಂತೀರಲ್ಲ, ಬಿಪಿ ಇರೋರಿಗೆ ಅದು ಯಾಕೆ ಕಾಪಾಡಲ್ಲ? (ನಾನು ಬಿ.ಎಸ್‌ಸಿ ಓದ್ತಿದೀನಿ, ಸ್ವಲ್ಪ ಡೀಟೇಲ್ ಆಗಿ ಹೇಳಿದ್ರೂ ಓಕೆ)

ಉತ್ತರ: ಒಳ್ಳೇ ಪ್ರಶ್ನೆ, ಬಿಪಿ ಬಗ್ಗೆ ನನಗೆ ಅತೀ ಇಷ್ಟದ ಭಾಗನೂ ಇದೇ. ನಾಳದ ಒಳಮೈಗೆ ಒಂದೇ ಒಂದು ಪದರ ಕೋಶಗಳಿವೆ, ಎಂಡೋಥೀಲಿಯಂ ಅಂತ. ತುಂಬಾ ಕಾಲ ಅದನ್ನ ಬರೀ ಅಸ್ತರು ಅನ್ಕೊಂಡಿದ್ರು. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾಪಧಮನಿಯ ತುಂಡು ಇಟ್ಕೊಂಡು ತೋರಿಸಿದ್ರು, ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಹಾಕಿದ್ರೆ ನಾಳ ಸಡಿಲ ಆಗತ್ತೆ, ಆದ್ರೆ ಆ ಒಳಪದರ ಉಜ್ಜಿ ತೆಗೆದುಬಿಟ್ರೆ ಸಡಿಲ ಆಗೋದೇ ಇಲ್ಲ. ಅಂದ್ರೆ ಒಳಪದರ ಏನೋ ಕಳಿಸ್ತಿದೆ. ಅದು ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ಅಂತ ಆಮೇಲೆ ಗೊತ್ತಾಯ್ತು, 1998ರ ನೊಬೆಲ್ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೂ ಸೇರಿ ಬಂತು.

ಈಗ ಬಿಪಿಗೆ ಬನ್ನಿ. 1990ರಲ್ಲಿ ಬಿಪಿ ಇರೋರ ಮುಂಗೈ ರಕ್ತನಾಳಕ್ಕೆ ಅಸಿಟೈಲ್‌ಕೋಲಿನ್ ಕೊಟ್ಟು ನೋಡಿದ್ರು, ಬಿಪಿ ಇಲ್ಲದೋರಷ್ಟು ರಕ್ತದ ಹರಿವು ಏರಲಿಲ್ಲ. ಆದ್ರೆ ನೇರವಾಗಿ ನೈಟ್ರಿಕ್ ಆಕ್ಸೈಡ್ ಕೊಡೋ ನೈಟ್ರೋಪ್ರಸೈಡ್ ಔಷಧಿ ಕೊಟ್ಟಾಗ ಎರಡೂ ಗುಂಪಿನವರ ನಾಳ ಒಂದೇ ಥರ ಅರಳ್ತು. ಇದರ ಅರ್ಥ ಎಷ್ಟು ಚೆನ್ನಾಗಿದೆ ನೋಡಿ, ಸ್ನಾಯುಗೆ ಸಡಿಲ ಆಗೋ ಶಕ್ತಿ ಇದೆ, ಸಡಿಲ ಆಗು ಅನ್ನೋ ಸಂದೇಶ ಒಳಪದರದಿಂದ ಸರಿಯಾಗಿ ಬರ್ತಿಲ್ಲ. ಯಾಕೆ ಬರ್ತಿಲ್ಲ ಅಂದ್ರೆ ಒಂದು ಮುಖ್ಯ ಕಾರಣ ಸೂಪರ್‌ಆಕ್ಸೈಡ್, ಆಕ್ಸಿಜನ್‌ನಿಂದ ಆಗೋ ಒಂದು ಪುಂಡ ಕಣ. ಆಂಜಿಯೊಟೆನ್ಸಿನ್ ನಾಳದ ಗೋಡೆಯಲ್ಲಿ ಇದನ್ನ ಜಾಸ್ತಿ ತಯಾರು ಮಾಡಿಸತ್ತೆ, ಇದು ನೈಟ್ರಿಕ್ ಆಕ್ಸೈಡ್ ಸಿಕ್ಕಿದ ಕೂಡಲೇ ಅದನ್ನ ಹಿಡಿದು ಕೆಡಿಸತ್ತೆ. ಹಾಗಂತ ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದ್ರೆ ಸರಿಹೋಗತ್ತೆ ಅಂತ ಅಂದ್ಕೋಬೇಡಿ, ದೊಡ್ಡ ಟ್ರಯಲ್‌ಗಳಲ್ಲಿ ವಿಟಮಿನ್-ಇ ಕೊಟ್ಟು ಹೃದಯಾಘಾತ ಕಡಿಮೆ ಮಾಡಕ್ಕಾಗಲಿಲ್ಲ.

ಸ್ಟ್ರೆಸ್‌ಗೂ ಇದಕ್ಕೂ ಏನು ಸಂಬಂಧ ಅಂದ್ರೆ ನೇರ ಸಂಬಂಧ. ಲ್ಯಾಬಲ್ಲಿ ಒಬ್ಬರನ್ನ ಕೂರಿಸಿ ಒಂದು ದೊಡ್ಡ ನಂಬರಿಂದ 7 ಅಥವಾ 17 ಕಳೀತಾ ಹೋಗಿ, ಬೇಗ ಬೇಗ, ತಪ್ಪಾಯ್ತು ಮತ್ತೆ ಹೇಳಿ ಅಂತ ಒತ್ತಾಯ ಮಾಡ್ತಾರೆ. ಬಿಪಿ ಇಲ್ಲದೋರಿಗೆ ಆಗ ಮುಂಗೈ ಮಾಂಸಖಂಡಕ್ಕೆ ರಕ್ತ ಜಾಸ್ತಿ ಹರಿಯತ್ತೆ, ನಾಳ ಅರಳತ್ತೆ, ಅದರಲ್ಲಿ ನೈಟ್ರಿಕ್ ಆಕ್ಸೈಡ್‌ನ ಪಾಲು ದೊಡ್ಡದು. ಬಿಪಿ ಇರೋರಲ್ಲಿ ಈ ಅರಳೋದು ಕಡಿಮೆ. ಬೀಟಾ-2 ರಿಸೆಪ್ಟರ್ ಮೂಲಕ ಆಗೋ ಸಡಿಲಿಕೆನೂ ಅವರಲ್ಲಿ ಮಂದ ಆಗಿರತ್ತೆ. ಹೃದಯ ಜಾಸ್ತಿ ರಕ್ತ ತಳ್ತಾ ಇದೆ, ಅದನ್ನ ತಗೊಳ್ಳೋಕೆ ಮಾಂಸಖಂಡದ ನಾಳ ತೆರ್ಕೊಳ್ತಿಲ್ಲ, ಚರ್ಮ ಮತ್ತೆ ಹೊಟ್ಟೆಯ ನಾಳ ಮೊದಲೇ ಬಿಗಿ. ಒತ್ತಡ ಏರದೇ ಇನ್ನೇನಾಗತ್ತೆ.

ನಿಮ್ಮ ಎಕ್ಸಾಮ್‌ಗೆ ಒಂದು ಮಾತು, ಗೋಡೆ ದಪ್ಪ ಆಗಿದ್ದಕ್ಕೆ ಬಿಪಿ ಬಂತಾ, ಬಿಪಿ ಬಂದಿದ್ದಕ್ಕೆ ಗೋಡೆ ದಪ್ಪ ಆಯ್ತಾ ಅಂತ ಕೇಳಿದ್ರೆ ಎರಡೂ ಬರೀರಿ. ಒತ್ತಡ ಏರಿದ್ರೆ ಗೋಡೆ ಬದಲಾಗತ್ತೆ, ಗೋಡೆ ಬದಲಾದ್ರೆ ಮುಂದಿನ ಸಲ ಒತ್ತಡ ಇನ್ನೂ ಸುಲಭವಾಗಿ ಏರತ್ತೆ, ಒಮ್ಮೆ ಶುರು ಆದ ಮೇಲೆ ಯಾವುದು ಮೊದಲು ಅನ್ನೋದು ಮಸುಕಾಗಿಬಿಡತ್ತೆ. ಆದ್ರೂ ಅಪ್ಪ ಅಮ್ಮಂಗೆ ಬಿಪಿ ಇರೋ ಮಕ್ಕಳಲ್ಲಿ, ಅವರದ್ದೇ ಬಿಪಿ ಇನ್ನೂ ನಾರ್ಮಲ್ ಇರುವಾಗಲೇ ಸ್ಟ್ರೆಸ್‌ಗೆ ಜಾಸ್ತಿ ಏರೋದು ಕಂಡಿದೆ.

ಪ್ರಶ್ನೆ: ಕಾರ್ಟಿಸಾಲ್ ಅಂತ ಎಲ್ಲಾ ವಿಡಿಯೋದಲ್ಲೂ ಹೇಳ್ತಾರೆ, ಕಾರ್ಟಿಸಾಲ್ ಡಿಟಾಕ್ಸ್ ಅಂತೆ. ಅದೇನಾ ಬಿಪಿಗೆ ಅಸಲಿ ವಿಲನ್?

ಉತ್ತರ: ಡಿಟಾಕ್ಸ್ ಬುಡಿ, ಅದು ವ್ಯಾಪಾರ. ಕಾರ್ಟಿಸಾಲ್ ಕೂಡ ಅಡ್ರಿನಲ್ ಗ್ರಂಥಿಯದೇ ಹಾರ್ಮೋನ್, ಅದಿಲ್ಲದೇ ನೀವು ಎದ್ದು ನಿಲ್ಲಕ್ಕೂ ಆಗಲ್ಲ. ಅಡಿಸನ್ ಕಾಯಿಲೆಯಲ್ಲಿ ಅದು ತೀರಾ ಕಡಿಮೆ ಆಗತ್ತೆ, ಆಗ ನಾರ್‌ಅಡ್ರಿನಾಲಿನ್ ಎಷ್ಟಿದ್ರೂ ರಕ್ತನಾಳ ಕಿವಿಗೊಡಲ್ಲ, ಬಿಪಿ ಕುಸಿದುಹೋಗತ್ತೆ. ಅಂದ್ರೆ ಕಾರ್ಟಿಸಾಲ್ ತಾನಾಗಿ ನಾಳವನ್ನ ಜಾಸ್ತಿ ಹಿಂಡಲ್ಲ, ನಾಳ ಅಡ್ರಿನಾಲಿನ್ ಮಾತನ್ನ ಎಷ್ಟು ಕೇಳಬೇಕು ಅನ್ನೋದನ್ನ ಏರ್ಸೋದು ಇಳ್ಸೋದು ಅದರ ಕೆಲಸ. ಜಾಸ್ತಿ ಆದ್ರೆ ಆಲ್ಫಾ ರಿಸೆಪ್ಟರ್‌ಗಳ ಪ್ರಭಾವ ಏರತ್ತೆ, ನೈಟ್ರಿಕ್ ಆಕ್ಸೈಡ್ ತಯಾರಿ ಇಳಿಯತ್ತೆ. ಕಾರ್ಟಿಸಾಲ್ ಅತಿಯಾಗೋ ಕುಶಿಂಗ್ ಕಾಯಿಲೆ ಇರೋರಲ್ಲಿ ಬಹುಪಾಲು ಜನಕ್ಕೆ ಬಿಪಿ ಇರತ್ತೆ, ಆಸ್ತಮಾಗೋ ಕೀಲು ನೋವಿಗೋ ತುಂಬಾ ದಿನ ಸ್ಟೀರಾಯ್ಡ್ ಮಾತ್ರೆ (ಕಾರ್ಟಿಸಾಲ್ ಥರಾನೇ ಕೆಲಸ ಮಾಡೋದು) ತಗೊಳ್ಳೋರಿಗೂ ಬರತ್ತೆ. ದಿನಾ ಬೆಳಗ್ಗೆ ಏಳೋ ಹೊತ್ತಿಗೆ ಕಾರ್ಟಿಸಾಲ್ ತಾನಾಗೇ ಏರತ್ತೆ, ಎದ್ದು ನಿಂತ ಕೂಡಲೇ ಸಿಂಪಥೆಟಿಕ್ ನರನೂ ಎಚ್ಚರ ಆಗತ್ತೆ, ಬಿಪಿ ಬೆಳಗ್ಗೆ ಏರೋದೂ ಹೃದಯಾಘಾತ ಬೆಳಗಿನ ಹೊತ್ತಲ್ಲಿ ಜಾಸ್ತಿ ಕಾಣೋದೂ ಇದೇ ಕಾಲಕ್ಕೆ. ಯಾರೋ ಸ್ಟೀರಾಯ್ಡ್ ತಗೋತಿದ್ದು ಇದನ್ನ ಓದಿ ನಾಳೆನೇ ನಿಲ್ಸಿಬಿಡಬೇಡಿ ಮತ್ತೆ, ಇದ್ದಕ್ಕಿದ್ದಂಗೆ ನಿಲ್ಸಿದ್ರೆ ಅಡಿಸನ್ ಥರದ್ದೇ ಅಪಾಯ.

ಪ್ರಶ್ನೆ: ನನಗೆ 53, ಮುಟ್ಟು ನಿಂತು ಮೂರು ವರ್ಷ ಆಯ್ತು. ಮೊದಲು ಎಂಥ ಟೆನ್ಶನ್ ಇದ್ರೂ ಬಿಪಿ ನಾರ್ಮಲ್. ಈಗ ಮಗಳು ಫೋನ್ ಎತ್ತಲಿಲ್ಲ ಅಂದ್ರೂ 150 ದಾಟತ್ತೆ. ನಾನು ವೀಕ್ ಆಗ್ತಿದೀನಾ, ಮನೇಲಿ ಎಲ್ರೂ ಸುಮ್ನೆ ಯೋಚನೆ ಮಾಡ್ತೀಯ ಅಂತ ಬೈತಾರೆ.

ಉತ್ತರ: ವೀಕೂ ಅಲ್ಲ, ಸುಮ್ನೆ ಯೋಚನೆನೂ ಅಲ್ಲ, ನಿಮ್ಮ ನಾಳಗಳಲ್ಲಿ ನಿಜವಾಗ್ಲೂ ಒಂದು ಬದಲಾವಣೆ ಆಗಿದೆ. ಚಿಕ್ಕ ವಯಸ್ಸಿನ ಹೆಂಗಸರಲ್ಲಿ ನಾರ್‌ಅಡ್ರಿನಾಲಿನ್ ಬಂದಾಗ ಆಲ್ಫಾ ಬಿಗಿ ಮಾಡಿದ್ರೂ ಅದೇ ಹೊತ್ತಿಗೆ ಬೀಟಾ ಕಡೆಯ ಸಡಿಲಿಕೆ ಅದನ್ನ ಬಹಳಷ್ಟು ಸರಿದೂಗಿಸತ್ತೆ, ಅದಕ್ಕೇ ಅವರಲ್ಲಿ ನರ ಎಷ್ಟು ಚುರುಕಾಗಿದೆ ಅನ್ನೋದಕ್ಕೂ ಬಿಪಿಗೂ ತಾಳೆ ಆಗಲ್ಲ. ಮುಟ್ಟು ನಿಂತ ಮೇಲೆ ಆ ಸರಿದೂಗಿಸೋದು ಹೋಗತ್ತೆ. ಈಸ್ಟ್ರೊಜೆನ್ ಅನ್ನೋ ಹೆಣ್ಣು ಹಾರ್ಮೋನ್ ನೈಟ್ರಿಕ್ ಆಕ್ಸೈಡ್‌ಗೂ ಸಹಾಯ ಮಾಡ್ತಿತ್ತು, ಅದೂ ಕಡಿಮೆ. ಹಾಗಾಗಿ ಮೊದಲಿನಷ್ಟೇ ಆತಂಕಕ್ಕೆ ಈಗ ನಂಬರ್ ಜಾಸ್ತಿ. ಇದಕ್ಕೆ ಅಂತ ಬಿಪಿಗೋಸ್ಕರ ಹಾರ್ಮೋನ್ ಮಾತ್ರೆ ಕೊಡೋ ಪದ್ಧತಿ ಇಲ್ಲ, ಕೇಳ್ಬೇಡಿ. ಆತಂಕದಲ್ಲಿ ಇದ್ದಾಗಿನ ನಂಬರ್ ಬಿಟ್ಟು ಆರಾಮಾಗಿದ್ದಾಗ ಒಂದು ವಾರ ಬೆಳಗ್ಗೆ ಸಂಜೆ ಬರೆದಿಡಿ, ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ರೆ ಅದು ಬಿಪಿ ಕಾಯಿಲೆನೇ, ಚಿಕಿತ್ಸೆ ಶುರು ಮಾಡಬೇಕು. ಬೈಯೋರಿಗೆ ಈ ಪುಟ ತೋರಿಸಿ.

ಪ್ರಶ್ನೆ: ಮೂಗು ಕಟ್ಟಿದ್ದಕ್ಕೆ ಮೆಡಿಕಲ್ ಶಾಪಲ್ಲಿ ಕೊಟ್ಟ ಶೀತದ ಮಾತ್ರೆ ತಗೊಂಡೆ, ಬಿಪಿ 20 ಪಾಯಿಂಟ್ ಏರ್ತು. ಕಾಕತಾಳೀಯನಾ?

ಉತ್ತರ: ಅಲ್ಲದೇ ಇರಬಹುದು. ಪ್ಯಾಕೆಟ್ ಹಿಂದೆ ನೋಡಿ, ಫಿನೈಲ್‌ಎಫ್ರಿನ್ ಅಥವಾ ಸ್ಯೂಡೊಎಫೆಡ್ರಿನ್ ಅಂತ ಇದ್ಯಾ? ಮೊದಲನೇದು ನೇರ ಆಲ್ಫಾ ರಿಸೆಪ್ಟರ್ ಒತ್ತತ್ತೆ, ಎರಡನೇದು ನರದ ತುದಿಯಿಂದ ನಾರ್‌ಅಡ್ರಿನಾಲಿನ್ ಹೊರಗೆ ತಳ್ಳಿಸತ್ತೆ. ಮೂಗಿನೊಳಗಿನ ಊದಿದ ನಾಳ ಬಿಗಿಯಾಗಿ ಉಸಿರಾಡಕ್ಕೆ ಜಾಗ ಆಗತ್ತೆ, ಆದ್ರೆ ನುಂಗಿದ ಮಾತ್ರೆಗೆ ಮೂಗು ಯಾವುದು ಕಾಲು ಯಾವುದು ಗೊತ್ತಾಗಲ್ಲ. ಸರಾಸರಿ ತೆಗೆದ್ರೆ ಏರಿಕೆ ಸಣ್ಣದೇ, ಆದ್ರೆ ಕೆಲವರಿಗೆ ಜಾಸ್ತಿ ಏರತ್ತೆ, ಬಿಪಿ ಹಿಡಿತದಲ್ಲಿ ಇಲ್ಲದೋರು ಇದನ್ನ ಮುಟ್ಟದೇ ಇರೋದೇ ವಾಸಿ. ಉಪ್ಪುನೀರಿನ ಮೂಗಿನ ಡ್ರಾಪ್ಸ್ ಸಾಕು ಬಹಳ ಸಲ. ಐಬುಪ್ರೊಫೆನ್ ಥರದ ನೋವಿನ ಮಾತ್ರೆನೂ ಬಿಪಿ ಏರ್ಸತ್ತೆ, ಅದು ಬೇರೆ ದಾರಿಯಲ್ಲಿ, ಕಿಡ್ನಿ ಉಪ್ಪು ಹಿಡಿದಿಟ್ಕೊಳ್ಳೋ ಹಾಗೆ ಮಾಡಿ.

ಪ್ರಶ್ನೆ: ನನಗೆ ಅಟೆನೊಲಾಲ್ ಕೊಡ್ತಿದ್ರು, ಹೊಸ ಡಾಕ್ಟರ್ ಅದನ್ನ ನಿಧಾನಕ್ಕೆ ಕಡಿಮೆ ಮಾಡಿ ಲೊಸಾರ್ಟಾನ್ ಶುರು ಮಾಡೋಣ ಅಂದ್ರು. ಸ್ಟ್ರೆಸ್‌ಗೆ ಅಡ್ರಿನಾಲಿನ್ ತಡೆಯೋ ಮಾತ್ರೆನೇ ಒಳ್ಳೇದಲ್ವಾ? ಮತ್ತೆ ನಿಧಾನಕ್ಕೆ ಯಾಕೆ, ನಿಲ್ಸಿದ್ರೆ ಆಯ್ತಲ್ಲ?

ಉತ್ತರ: ನಿಮ್ಮ ಹೊಸ ಡಾಕ್ಟರ್ ಎರಡೂ ಕಡೆ ಸರಿ ಇದಾರೆ. ಅಟೆನೊಲಾಲ್ ಥರದ ಬೀಟಾ ಬ್ಲಾಕರ್ ಹೃದಯದ ಬಡಿತ, ಅದರ ಜೋರು ಕಡಿಮೆ ಮಾಡತ್ತೆ, ಜೇಮ್ಸ್ ಬ್ಲ್ಯಾಕ್ ಅನ್ನೋ ವಿಜ್ಞಾನಿ 1960ರ ದಶಕದಲ್ಲಿ ಇದೇ ಗುಂಪಿನ ಪ್ರೊಪ್ರನೊಲಾಲ್ ತಂದಿದ್ದು ಎದೆನೋವಿಗೆ ದೊಡ್ಡ ವರ, 1988ರಲ್ಲಿ ನೊಬೆಲ್ ಕೂಡ ಸಿಕ್ತು. ಹೃದಯಾಘಾತ ಆದೋರಿಗೆ, ಹಾರ್ಟ್ ಫೇಲ್ಯೂರ್ ಇರೋರಿಗೆ ಇವತ್ತಿಗೂ ಈ ಗುಂಪಿನ ಮಾತ್ರೆ ಬೇಕು. ಆದ್ರೆ ಬರೀ ಬಿಪಿ ಅಂದ್ರೆ ನಾವು ಮೇಲೆ ಮಾತಾಡಿದ ಗೋಡೆ ಇದ್ಯಲ್ಲ, ಅದರ ಪ್ರಶ್ನೆ ಬರತ್ತೆ. ಬಿಪಿ ಇರೋರಿಗೆ ಒಂದು ವರ್ಷ ಒಂದು ಗುಂಪಿಗೆ ಅಟೆನೊಲಾಲ್, ಇನ್ನೊಂದು ಗುಂಪಿಗೆ ಲೊಸಾರ್ಟಾನ್ ಕೊಟ್ಟು, ಚರ್ಮದ ಅಡಿಯಿಂದ ಸಣ್ಣ ತುಂಡು ತೆಗೆದು ಸಣ್ಣ ನಾಳಗಳನ್ನ ಮೈಕ್ರೋಸ್ಕೋಪಲ್ಲಿ ನೋಡಿದ್ರು. ಬಿಪಿ ಎರಡು ಗುಂಪಲ್ಲೂ ಹೆಚ್ಚುಕಡಿಮೆ ಒಂದೇ ಥರ ಇಳಿದಿತ್ತು, ಆದ್ರೆ ಗೋಡೆಯ ದಪ್ಪ ಮತ್ತೆ ಒಳಪದರದ ಕೆಲಸ ಸುಧಾರಿಸಿದ್ದು ಲೊಸಾರ್ಟಾನ್ ಗುಂಪಲ್ಲಿ ಮಾತ್ರ. ಲೊಸಾರ್ಟಾನ್ ಆಂಜಿಯೊಟೆನ್ಸಿನ್ ತಡೆದಿದ್ದಕ್ಕೆ ಸಿಕ್ಕ ಫಲ ಅದು. ನಂಬರ್ ಇಳಿದ್ರೆ ಎಲ್ಲಾ ಮಾತ್ರೆನೂ ಒಂದೇ ಅನ್ನೋರಿಗೆ ನಾನು ಇದನ್ನ ಹೇಳ್ತಿರ್ತೀನಿ. ಹಾಗಂತ ಎಲ್ರೂ ಹೋಗಿ ಲೊಸಾರ್ಟಾನ್ ಕೇಳ್ಬೇಡಿ, ಗರ್ಭಿಣಿಯರಿಗೆ ಅದು ಕೊಡಲೇಬಾರದು, ಕಿಡ್ನಿ ಮತ್ತೆ ಪೊಟ್ಯಾಸಿಯಂ ನೋಡ್ಕೊಂಡು ಕೊಡೋ ಮಾತ್ರೆ ಅದು.

ಇದ್ದಕ್ಕಿದ್ದಂಗೆ ಯಾಕೆ ನಿಲ್ಸಬಾರದು ಅಂದ್ರೆ, ಬೀಟಾ ರಿಸೆಪ್ಟರ್ ತುಂಬಾ ದಿನ ಮುಚ್ಚಿಟ್ರೆ ಕೋಶಗಳು ಇನ್ನಷ್ಟು ರಿಸೆಪ್ಟರ್ ಮಾಡ್ಕೋತವೆ. ಮುಚ್ಚಿದ್ದನ್ನ ಒಮ್ಮೆಲೇ ತೆಗೆದ್ರೆ ಮಾಮೂಲಿ ಅಡ್ರಿನಾಲಿನ್‌ಗೇ ಹೃದಯ ಹುಚ್ಚೆದ್ದು ಕುಣಿಯತ್ತೆ, ಹೃದಯದ ತೊಂದರೆ ಇರೋರಿಗೆ ಎದೆನೋವು, ಹೃದಯಾಘಾತದ ತನಕ ಹೋಗಬಹುದು. ಕ್ಲೊನಿಡಿನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಇನ್ನೂ ಕೆಟ್ಟದು ಈ ವಿಷಯದಲ್ಲಿ. ಊರಿಗೆ ಹೋಗುವಾಗ ಮಾತ್ರೆ ಮರೆತು ಹೋಗೋರು ಇದನ್ನ ಗಮನಿಸಿ.

ಪ್ರಶ್ನೆ: ನಾಳದ ಗೋಡೆನೇ ಹಾಳಾಗಿದ್ರೆ ಧ್ಯಾನ, ಉಸಿರಾಟ, ವಾಕಿಂಗ್ ಎಲ್ಲಾ ದಂಡನಾ?

ಉತ್ತರ: ದಂಡ ಅಲ್ಲ, ಆದ್ರೆ ಯಾವುದು ಎಲ್ಲಿ ಕೆಲಸ ಮಾಡತ್ತೆ ಅಂತ ತಿಳ್ಕೊಂಡ್ರೆ ಒಳ್ಳೇದು. ನಿಮಿಷಕ್ಕೆ ಆರು ಉಸಿರಿನ ಹಾಗೆ ನಿಧಾನಕ್ಕೆ ಉಸಿರಾಡಿದ್ರೆ ಕತ್ತಿನ ನಾಳದಲ್ಲಿರೋ ಒತ್ತಡದ ಸೆನ್ಸರ್‌ಗಳ ಪ್ರತಿಕ್ರಿಯೆ ಚುರುಕಾಗತ್ತೆ, ನರದ ಕಡೆಯ ಆರ್ಡರ್ ಸ್ವಲ್ಪ ತಗ್ಗತ್ತೆ. ಅದು ಆ ಹೊತ್ತಿಗೆ. ವಾಕಿಂಗ್, ಸೈಕಲ್, ಈಜು ಥರದ್ದು ಗೋಡೆಗೇ ಕೆಲಸ ಮಾಡತ್ತೆ, ರಕ್ತ ಜೋರಾಗಿ ಒಳಪದರವನ್ನ ಸವರ್ಕೊಂಡು ಹರಿದಾಗ ನೈಟ್ರಿಕ್ ಆಕ್ಸೈಡ್ ತಯಾರಿ ಏರತ್ತೆ, ತಿಂಗಳುಗಟ್ಟಲೆ ಮಾಡಿದ್ರೆ ಉಳಿಯತ್ತೆ, ಒಂದು ಸಲ ಮಾಡಿದ್ರೂ ಆಮೇಲೆ ಕೆಲವು ಗಂಟೆ ಬಿಪಿ ಇಳಿದಿರತ್ತೆ. ಉಸಿರು ಬಿಗಿ ಹಿಡಿದು ಭಾರ ಎತ್ತೋದು ಮಾತ್ರ ಬೇಡ, ಆ ಕ್ಷಣದಲ್ಲಿ ಒತ್ತಡ ಎಲ್ಲಿಗೋ ಹೋಗತ್ತೆ, ಭಾರ ಎತ್ತಲೇಬೇಕು ಅಂದ್ರೆ ಉಸಿರು ಬಿಡ್ತಾ ಎತ್ತಿ.

ಉಪ್ಪಿನ ಬಗ್ಗೆ ಯಾರೂ ಕೇಳಿಲ್ಲ, ನಾನೇ ಹೇಳ್ತೀನಿ. ಉಪ್ಪು ಅಂದ್ರೆ ನೀರು ಹಿಡ್ಕೊಳತ್ತೆ ಅಂತ ಮಾತ್ರ ಎಲ್ರಿಗೂ ಗೊತ್ತು, ಆದ್ರೆ ಉಪ್ಪು ಜಾಸ್ತಿ ತಿಂದಾಗ ಅದೇ ನಾರ್‌ಅಡ್ರಿನಾಲಿನ್‌ಗೆ ನಾಳ ಜಾಸ್ತಿ ಬಿಗಿಯಾಗತ್ತೆ. ಅಂದ್ರೆ ಊಟದಲ್ಲಿ ಉಪ್ಪು ತಗ್ಗಿಸೋದೂ ಒಂಥರಾ ಸ್ಟ್ರೆಸ್ ಚಿಕಿತ್ಸೆನೇ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದ್ರೆ ಒಂದು ಟೀ ಚಮಚಕ್ಕಿಂತ ಕಡಿಮೆ, ಎಲ್ಲಾ ಸೇರಿ. ಸಿಗರೇಟ್ ಬಗ್ಗೆ ಎರಡು ಮಾತಿಲ್ಲ, ಪ್ರತಿ ಸಿಗರೇಟೂ ಅಡ್ರಿನಾಲಿನ್ ಏರ್ಸಿ ಒಳಪದರ ಕೆಡಿಸತ್ತೆ, ಎರಡೂ ಕಡೆಯಿಂದ ಹೊಡ್ತ.

ಪ್ರಶ್ನೆ: ಜಗಳ ಆದಾಗೆಲ್ಲ ಬಿಪಿ ನೋಡ್ಕೋಬೇಕಾ?

ಉತ್ತರ: ಬೇಡ. ಮೂತ್ರ ಮಾಡಿ ಬಂದು, ಐದು ನಿಮಿಷ ಸುಮ್ನೆ ಕೂತು, ಬೆನ್ನಿಗೆ ಆಸರೆ ಕೊಟ್ಟು, ಕೈ ಎದೆಯ ಮಟ್ಟಕ್ಕೆ ಇಟ್ಟು, ಮಾತಾಡದೇ ಅಳೆದ ನಂಬರ್ ಬೇಕು ನಮಗೆ.

ಪ್ರಶ್ನೆ: ಕೋಪ ಬಂದು 190 ಆದಾಗ ಒಂದು ಮಾತ್ರೆ ಎಕ್ಸ್‌ಟ್ರಾ ತಗೊಂಡ್ರೆ ತಪ್ಪಾ? ನಾಲಿಗೆ ಕೆಳಗೆ ಇಟ್ಕೊಳ್ಳೋದು ಇದೆಯಂತಲ್ಲ.

ಉತ್ತರ: ನಾಲಿಗೆ ಕೆಳಗೆ ನಿಫೆಡಿಪಿನ್ ಅನ್ನೋ ಬಿಪಿ ಔಷಧಿ ಹಿಂಡೋದು ಒಂದು ಕಾಲದಲ್ಲಿ ಡಾಕ್ಟರ್‌ಗಳೇ ಮಾಡ್ತಿದ್ರು, 1990ರ ದಶಕದಲ್ಲಿ ಅದರಿಂದ ಸ್ಟ್ರೋಕ್, ಹೃದಯಾಘಾತ ಆಗಿದ್ದು ಬೆಳಕಿಗೆ ಬಂದು ಕೈಬಿಟ್ರು. ಕಾರಣ ಮತ್ತೆ ಅದೇ ಗೋಡೆ. ಮೆದುಳಿನ ನಾಳಗಳು ಒತ್ತಡ ಏರಿದ್ರೂ ಇಳಿದ್ರೂ ಒಂದು ಮಿತಿಯೊಳಗೆ ರಕ್ತದ ಹರಿವು ಒಂದೇ ಥರ ಕಾಯ್ಕೋತವೆ, ಬಿಪಿ ತುಂಬಾ ವರ್ಷ ಇರೋರಲ್ಲಿ ಆ ಮಿತಿ ಮೇಲಕ್ಕೆ ಸರಿದಿರತ್ತೆ. ಬೇರೆಯವರಿಗೆ ನಾರ್ಮಲ್ ಅನ್ನಿಸೋ ಒತ್ತಡಕ್ಕೆ ಒಮ್ಮೆಲೇ ಇಳಿಸಿದ್ರೂ ಇವರ ಮೆದುಳಿಗೆ ರಕ್ತ ಸಾಲದೇ ಹೋಗಬಹುದು. ಜಗಳದ 190ರಲ್ಲಿ ಬೇರೆ ತೊಂದರೆ ಏನೂ ಇಲ್ಲ ಅಂದ್ರೆ ಜಾಗ ಬಿಟ್ಟು ಹೋಗಿ ಕೂತ್ಕೊಳ್ಳಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಬಹಳ ಸಲ ತಾನಾಗೇ ಇಳಿದಿರತ್ತೆ, ಆವತ್ತಿನ ಮಾತ್ರೆ ಮರೆತಿದ್ರೆ ಅದನ್ನ ತಗೊಳ್ಳಿ, ಪದೇ ಪದೇ ಹೀಗಾದ್ರೆ ಡೋಸ್ ಬದಲಾಯಿಸೋದನ್ನ ನಿಮ್ಮ ಡಾಕ್ಟರ್ ಮಾಡ್ಲಿ. ಆದ್ರೆ 180/120 ದಾಟಿದ್ದು, ಜೊತೆಗೆ ಎದೆನೋವು, ಉಸಿರು ಕಟ್ಟೋದು, ಮಾತು ತೊದಲೋದು, ಒಂದು ಕಡೆ ಕೈಕಾಲು ಸೋಲೋದು, ಕಣ್ಣು ಮಂಜಾಗೋದು, ಗೊಂದಲ, ಇದರಲ್ಲಿ ಯಾವುದೇ ಒಂದಿದ್ರೂ ಕಾಯಬೇಡಿ, ಮನೇಲಿ ಮಾತ್ರೆ ಹುಡುಕ್ತಾ ಕೂರಬೇಡಿ, ಆಂಬ್ಯುಲೆನ್ಸ್ ಕರೀರಿ. ಮಾತು ತೊದಲೋದು, ಕೈಕಾಲು ಸೋಲೋದು ಬಿಪಿ ನಾರ್ಮಲ್ ಇದ್ದಾಗ ಆದ್ರೂ ಅಷ್ಟೇ, ನಂಬರ್ ನೋಡೋಕೂ ನಿಲ್ಲಬೇಡಿ.